ಬಾರ್ ಅಂದರೆ ಬರೀ ವಾರ್ಮಪ್ ಅಲ್ಲ

ಬ್ಯಾಲೆ ಕಲಿಯುವವರು ಪದೇ ಪದೇ ಒಂದು ಮಾತು ಹೇಳುತ್ತಾರೆ. ಬಾರ್, ಅಂದರೆ ಗೋಡೆ ಪಕ್ಕದ ಕಂಬಿ ಹಿಡಿದು ಮಾಡೋ ಅಭ್ಯಾಸವೆಲ್ಲ ಬರೀ ವಾರ್ಮಪ್, ನಿಜವಾದ ಡ್ಯಾನ್ಸ್ ಕಂಬಿ ಬಿಟ್ಟು ಸೆಂಟರಿಗೆ ಬಂದ ಮೇಲೆ ಅಂತ. ನಾನಿದನ್ನು ಸುತರಾಂ ಒಪ್ಪಲ್ಲ. ಮುಕ್ಕಾಲು ಗಂಟೆ ಗೋಡೆ ಪಕ್ಕ ನಿಂತು ಕಾಲನ್ನು ಯಂತ್ರದ ಹಾಗೆ ಆಡಿಸಿ, ಹಾಲ್ ಮಧ್ಯಕ್ಕೆ ಬಂದ ಕೂಡಲೇ ಮುಖದಲ್ಲಿ ಭಾವ ಬರಲಿ, ಮೈಗೆ ಸಂಗೀತ ಹತ್ತಲಿ ಅಂದರೆ ಎಲ್ಲಿಂದ ಬರುತ್ತದೆ? ಮೈ ಏನು ಕಲಿತಿದೆಯೋ ಅದನ್ನೇ ತಾನೇ ಮಾಡೋದು.

ಬಾರ್‌ನಲ್ಲಿ ಒಂದೊಂದಕ್ಕೆ ಒಂದೊಂದು ಥರದ ಸಂಗೀತ ಹಾಕೋದು ಸುಮ್ನೆ ಅಲ್ಲ. ರೋಂ ದ ಜಾಂಬ್‌ಗೆ ಸಾಮಾನ್ಯವಾಗಿ ಮೂರರ ಎಣಿಕೆಯ ವಾಲ್ಟ್ಸ್ ಇರುತ್ತದೆ, ಯಾಕೆಂದರೆ ಕಾಲು ನೆಲದ ಮೇಲೆ ಅರ್ಧ ಸುತ್ತು ಬರೆಯುವಾಗ ನಡುವೆ ಎಲ್ಲೂ ತಡೆಯಬಾರದು. ಪಾದವನ್ನು ಚಟ್ಟನೆ ಹೊರಗೆ ಹೊಡೆಯುವ ಫ್ರಾಪೆಗೆ ಎರಡರ ಎಣಿಕೆಯ ಚುರುಕು ಪೋಲ್ಕಾ. ಫೋಂದ್ಯೂಗೆ ಎಷ್ಟೋ ಪಿಯಾನೋದವರು ಟ್ಯಾಂಗೋ ನುಡಿಸುತ್ತಾರೆ. ಮಂಡಿ ಬೆಣ್ಣೆ ಕರಗಿದ ಹಾಗೆ ಬಗ್ಗಿ ಮತ್ತೆ ಏಳಬೇಕು, ಆ ಎಳೆತ ಟ್ಯಾಂಗೋದಲ್ಲೇ ಇದೆ. ಕಾಲನ್ನು ಎತ್ತರಕ್ಕೆ ಬೀಸುವ ಗ್ರಾಂ ಬಾತ್ಮಾಂಗೆ ಮಾರ್ಚ್.

ತಾಂದ್ಯೂ ತಗೊಳ್ಳಿ. ಪಾದ ನೆಲ ಸವರುತ್ತಾ ಹೊರಗೆ ಹೋಗುತ್ತದೆ, ವಾಪಸ್ ಬಂದು ಸೇರುತ್ತದೆ, ಅಷ್ಟೇ. ಆದರೆ ತಾಳದ ಪೆಟ್ಟು ಬೀಳಬೇಕಾದ್ದು ಹೊರಗೆ ಹೋದಾಗಲಾ, ಒಳಗೆ ಬಂದಾಗಲಾ? ಒಂದು ಅನ್ನುವಷ್ಟರಲ್ಲಿ ಪಾದ ಒಳಗೆ ಸೇರಿರಬೇಕು ಅಂದರೆ, ಅದಕ್ಕೂ ಮೊದಲೇ ಹೊರಟಿರಬೇಕು. ತಾಳದ ಸಮಕ್ಕೆ ಮೊದಲೇ ಹಾಡು ಎತ್ತಿಕೊಳ್ಳುವ ಅತೀತ ಎಡುಪು ನಮ್ಮ ಕರ್ನಾಟಕ ಸಂಗೀತದಲ್ಲಿ ಇದೆಯಲ್ಲ, ಇಲ್ಲೂ ಅದೇ ಎಚ್ಚರ ಬೇಕು. ಭರತನಾಟ್ಯದ ಅಡವನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಮಾಡಿದ ಮಕ್ಕಳಿಗೆ ಒಂದೇ ತಾಂದ್ಯೂವನ್ನು ನಾಲ್ಕು ಎಣಿಕೆಗೆ, ಎರಡಕ್ಕೆ, ಒಂದಕ್ಕೆ ಮಾಡೋದು ಹೊಸದೇನಲ್ಲ. ಬ್ಯಾಲೆ ಕ್ಲಾಸಿಗೆ ಬಂದ ಕೂಡಲೇ ಆ ಕಿವಿಯನ್ನು ಯಾಕೆ ಮುಚ್ಚಿಸಬೇಕು?

ಮುಚ್ಚಿಸೋದು ಹೇಗೆ ಗೊತ್ತಾ? ವರ್ಷವಿಡೀ ಅದೇ ಟ್ರ್ಯಾಕ್, ಅದರ ಮೇಲೆ ಜೋರಾಗಿ ಒನ್, ಟೂ, ತ್ರೀ ಎಣಿಕೆ. ಆಗ ಮಗು ಕೇಳಿಸಿಕೊಳ್ಳೋದು ಮೇಡಂ ಗಂಟಲನ್ನು, ಪಿಯಾನೋವನ್ನಲ್ಲ. ಸಾಲದ್ದಕ್ಕೆ ರೀಲ್ಸ್‌ನಲ್ಲಿ ಕಾಣೋದು ಕಾಲು ಎಷ್ಟು ಎತ್ತರ ಹೋಯಿತು ಅನ್ನೋದು ಮಾತ್ರ.

ಪಿಯಾನೋ ಸಂಗೀತ ನಮಗೆಲ್ಲಿ ಒಗ್ಗುತ್ತದೆ ಅನ್ನುವವರೂ ಇದ್ದಾರೆ. ಇದು ಮೈಸೂರು ಸ್ವಾಮಿ! ಜಯಚಾಮರಾಜೇಂದ್ರ ಒಡೆಯರ್ ಸ್ವತಃ ಪಿಯಾನೋ ಕಲಿತವರು. ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೊವನ್ನು ನಮ್ಮ ಮಹಾರಾಜರಿಗೇ ಅರ್ಪಿಸಿದ್ದಾರೆ. ದಸರಾದಲ್ಲಿ ಪೊಲೀಸ್ ಬ್ಯಾಂಡ್ ಕೇಳಿ ಬೆಳೆದವರಿಗೆ ಮಾರ್ಚ್ ಯಾವುದು, ವಾಲ್ಟ್ಸ್ ಯಾವುದು ಅಂತ ಗುರುತಿಸೋದು ಕಷ್ಟವಾ?

ಇನ್ನು ಭಾವ. ಜಟ್ಟಿ ತಾಯಮ್ಮ, ಅವರ ಶಿಷ್ಯೆ ವೆಂಕಟಲಕ್ಷಮ್ಮ ಭರತನಾಟ್ಯದ ಅಭಿನಯಕ್ಕೆ ಹೆಸರಾದ ಊರಿನವರು ನಾವು. ಭಾವ ಅಂದರೆ ಮುಖಕ್ಕೆ ನಗು ಅಂಟಿಸಿಕೊಳ್ಳೋದಲ್ಲ ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾರ್‌ನಲ್ಲಿ ಅದು ಸಣ್ಣ ಸಣ್ಣ ಕಡೆ ಇರುತ್ತದೆ. ಶುರುವಿನ ನಾಲ್ಕು ಎಣಿಕೆಯಲ್ಲಿ ಕೈ ತೆರೆಯುವಾಗ ಉಸಿರೂ ಜೊತೆಗೆ ಬರಬೇಕು. ಪೋರ್ ದ ಬ್ರಾದಲ್ಲಿ, ಅಂದರೆ ಕೈ ಚಲನೆಗಳಲ್ಲಿ, ಕೈ ಹೋದ ಕಡೆ ಕಣ್ಣು ಹೋಗಬೇಕು, ಕತ್ತು ಅದರ ಹಿಂದೆಯೇ ತಿರುಗಬೇಕು. ಕನ್ನಡಿಯನ್ನೇ ನೋಡುತ್ತಾ ನಿಂತರೆ ಇದ್ಯಾವುದೂ ಆಗಲ್ಲ. ಸಂಗೀತ ಮುಗಿಯುವ ಮೊದಲೇ ಕಂಬಿ ಬಿಟ್ಟು ನೀರಿನ ಬಾಟಲಿಗೆ ಕೈ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ. ಕೊನೆಯ ಸ್ವರ ಇನ್ನೂ ಕೇಳಿಸುತ್ತಿರುತ್ತದೆ, ಅದೂ ಕುಣಿತವೇ ಅಲ್ವಾ?

ಮನೆಯಲ್ಲಿ ಕುರ್ಚಿ ಹಿಡಿದು ಮಾಡಿ ನೋಡಿ. ಮೊದಲು ಕಾಲು ಆಡಿಸದೆ ಪೂರ್ತಿ ಹಾಡು ಕೇಳಿ. ಆಮೇಲೆ ಅದೇ ತಾಂದ್ಯೂಗಳನ್ನು ಒಮ್ಮೆ ವಾಲ್ಟ್ಸ್‌ಗೆ, ಒಮ್ಮೆ ಮಾರ್ಚ್‌ಗೆ ಮಾಡಿ. ಹೆಜ್ಜೆ ಒಂದೇ, ಆದರೆ ಬೆನ್ನು ನಿಲ್ಲುವ ರೀತಿ, ಕಣ್ಣಿನ ನೋಟ ಎರಡೂ ಬದಲಾಗುತ್ತವೆ. ಟೀಚರುಗಳಿಗೆ ನನ್ನದೊಂದೇ ಕೋರಿಕೆ. ಈ ವಾರ ಬಾರ್‌ಗೆ ಬೇರೆ ಸಂಗೀತ ಹಾಕಿ, ಒಂದು ಸಲವಾದರೂ ಎಣಿಸದೆ ಸುಮ್ಮನೆ ನಿಂತು ಮಕ್ಕಳು ಏನು ಮಾಡುತ್ತಾರೆ ನೋಡಿ.