ಹೆಗಲ ಮೇಲೆ ಅಕ್ಕಿ ಹೊತ್ತು ನಡೆದು ಬನ್ನಿ ಎಂದವರಿಗೆ

"ನಮ್ಮ ಜನಕ್ಕೆ ಲಾಠಿ ತೋರಿಸದೆ ಬುದ್ಧಿ ಬರುವುದಿಲ್ಲ, ಕೊರೊನಾ ಕಾಲದಲ್ಲಿ ನೋಡಲಿಲ್ಲವೇ" ಎಂಬ ಮಾತು ಇನ್ನೂ ಕಿವಿಗೆ ಬೀಳುತ್ತಲೇ ಇದೆ. ಮೊನ್ನೆ ಶಿರಸಿಯಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಓದು ಬರಹ ಬಲ್ಲವರೊಬ್ಬರು ಇದನ್ನೇ ಹೇಳಿದರು. ಅಕ್ಕಪಕ್ಕದವರು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಮಾಸ್ಕ್ ವಿರೋಧಿಯಲ್ಲ, ಲಸಿಕೆ ವಿರೋಧಿಯೂ ಅಲ್ಲ. ಎರಡೂ ಡೋಸ್ ನಾನೂ ಹಾಕಿಸಿಕೊಂಡಿದ್ದೇನೆ, ಆಯಿಗೂ ಹಾಕಿಸಿದ್ದೇನೆ. ರೋಗ ಸುಳ್ಳು ಎನ್ನುವವರ ಜೊತೆ ನನ್ನನ್ನು ಸೇರಿಸಬೇಡಿ. ನನ್ನ ಸಿಟ್ಟು ಇರುವುದು, ಉತ್ತರ ಕನ್ನಡದ ನಮ್ಮ ಊರು ಹೇಗಿದೆ ಎಂದು ಒಂದು ಗಳಿಗೆಯೂ ಯೋಚಿಸದೆ ನಮ್ಮ ಓಡಾಟಕ್ಕೆ ಕೈ ಹಾಕಿದ ಆ ಆದೇಶಗಳ ಮೇಲೆ.

ಎರಡನೇ ಅಲೆಯ ಲಾಕ್‌ಡೌನ್ ಶುರುವಾದ 2021ರ ಮೇ 10 ನೆನಪಿದೆಯೇ? ದಿನಸಿ ಕೊಳ್ಳಲು ಬೆಳಿಗ್ಗೆ 6ರಿಂದ 10 ಗಂಟೆ ಮಾತ್ರ. ಅದಕ್ಕೂ ವಾಹನ ತೆಗೆಯುವಂತಿಲ್ಲ, ನಡೆದೇ ಹೋಗಬೇಕು ಎಂದು ಮಾರ್ಗಸೂಚಿ. ಬೆಂಗಳೂರಿನಲ್ಲಿ ಓಣಿಗೊಂದು ಅಂಗಡಿ ಇರುತ್ತದೆ, ನಡೆಯಬಹುದು. ನಮ್ಮಲ್ಲಿ ಪಕ್ಕದ ಮನೆಗೆ ಹೋಗುವುದಕ್ಕೇ ತೋಟ ಇಳಿದು ಗುಡ್ಡ ಹತ್ತಬೇಕು. ನಮ್ಮ ಮನೆಯಿಂದ ಸೊಸೈಟಿಗೆ ಒಂಬತ್ತು ಕಿಲೋಮೀಟರ್. ಹೋಗಿ ಬರಲು ಹದಿನೆಂಟು, ಬರುವಾಗ ಹೆಗಲ ಮೇಲೆ ಅಕ್ಕಿ ಚೀಲ, ಎಲ್ಲವೂ ಹತ್ತು ಗಂಟೆಯೊಳಗೆ. ಇದನ್ನು ಬರೆದವರು ಒಮ್ಮೆಯಾದರೂ ಯಲ್ಲಾಪುರದ ಕಡೆಗೋ ಜೋಯಿಡಾದ ಕಡೆಗೋ ಬಂದಿದ್ದರೇ?

ನಾನು ಬೈಕಿನಲ್ಲೇ ಹೋದೆ. ಬೇರೆ ದಾರಿ ಇರಲಿಲ್ಲ. ಬರುವಾಗ ನಾಕಾದಲ್ಲಿ ತಡೆದರು. ಹಿಂದಿನ ಸೀಟಿಗೆ ಅಕ್ಕಿ ಕಟ್ಟಿತ್ತು, ಹ್ಯಾಂಡಲ್‌ಗೆ ನೇತುಹಾಕಿದ ಚೀಲದಲ್ಲಿ ಆಯಿಯ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ. ವೈದ್ಯರ ಚೀಟಿ ತೆಗೆದು ಕೈಗೆ ಕೊಟ್ಟೆ. "ಹತ್ತಿರದಲ್ಲಿ ಅಂಗಡಿ ಇಲ್ಲವೇನಯ್ಯಾ?" ಎಂದು ಕೇಳಿದರು. ಇಲ್ಲ ಸಾರ್ ಎಂದೆ. ಅದನ್ನು ಎದುರುತ್ತರ ಎಂದುಕೊಂಡು ಬೈಕಿನ ಕೀಲಿ ಕಿತ್ತುಕೊಂಡರು. ನಲವತ್ತು ದಾಟಿದವನನ್ನು, ಸಾಲಾಗಿ ನಿಂತ ಜನರೆದುರು, ಶಾಲೆಯ ಹುಡುಗನನ್ನು ಬೈಯುವಂತೆ ಬೈದರು. ಆಮೇಲೆ ಸರ್ಕಾರದಿಂದಲೇ ಸ್ಪಷ್ಟನೆ ಬಂತು, ಹತ್ತಿರದ ಅಂಗಡಿಗೆ ವಾಹನದಲ್ಲಿ ಹೋಗಬಹುದಂತೆ! ಆ ಮಾತನ್ನು ಆದೇಶ ಬರೆಯುವಾಗಲೇ ಯೋಚಿಸಿದ್ದರೆ ನನ್ನಂಥ ಎಷ್ಟು ಜನರ ಮಾನ ಉಳಿಯುತ್ತಿತ್ತು.

ಆ ನಾಲ್ಕು ಗಂಟೆಗಳ ಲೆಕ್ಕವನ್ನಾದರೂ ಯಾರಾದರೂ ವಿವರಿಸಲಿ. ದಿನವಿಡೀ ಒಬ್ಬೊಬ್ಬರಾಗಿ ಬಂದು ಹೋಗುತ್ತಿದ್ದ ಜನರನ್ನೆಲ್ಲ ಒಂದೇ ಹೊತ್ತಿಗೆ ಒಂದೇ ಬಾಗಿಲಿಗೆ ತಂದು ನಿಲ್ಲಿಸಿದರೆ ಅಂತರ ಎಲ್ಲಿಂದ ಬರಬೇಕು? ಮದುವೆಗೆ 50 ಜನ ಎಂದು ಮಿತಿ ಹಾಕಿದ ಅದೇ ಏಪ್ರಿಲ್‌ನಲ್ಲಿ, 17ನೇ ತಾರೀಕು, ಪಕ್ಕದ ಬೆಳಗಾವಿಯಲ್ಲಿ ಲೋಕಸಭಾ ಉಪಚುನಾವಣೆ ನಡೆಯಿತು. ಪ್ರಚಾರಕ್ಕೆ ಎಷ್ಟು ಜನ ಸೇರಿದರು ಎಂಬುದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ.

ಜನ ಹೇಳಿದ್ದನ್ನು ಕೇಳುವುದಿಲ್ಲ ಎನ್ನುವವರು ಸಿದ್ದಾಪುರದ ಹಳ್ಳಿಗಳಿಗೆ ಹೋಗಿ ನೋಡಲಿ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಅಲ್ಲಿಯವರನ್ನು ಕಾಡುತ್ತಿದೆ. ಸೊಪ್ಪು, ದರಕು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರು, ಆ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಮಂಗ ಸತ್ತು ಬಿದ್ದರೆ ಆರೋಗ್ಯ ಕೇಂದ್ರಕ್ಕೆ ತಿಳಿಸುತ್ತಾರೆ. ಆಶಾ ಕಾರ್ಯಕರ್ತೆ ಜಗಲಿಯ ಮೇಲೆ ಕುಳಿತು, ಯಾಕೆ ಏನು ಎಂದು ಬಿಡಿಸಿ ಹೇಳಿದ್ದರಿಂದ ಬಂದ ಅಭ್ಯಾಸ ಅದು. ಯಾರೂ ಅಲ್ಲಿ ಕೀಲಿ ಕಿತ್ತುಕೊಳ್ಳಲಿಲ್ಲ. ಆ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಕೊರೊನಾ ಹರಡುತ್ತದೆ, ಆದ್ದರಿಂದ ಬಿಗಿ ಹೆಚ್ಚೇ ಬೇಕಿತ್ತು ಎನ್ನುತ್ತೀರಿ. ಒಪ್ಪುತ್ತೇನೆ. ಬಿಗಿ ಮಾಡಿ, ಆದರೆ ಕಾರಣ ಹೇಳಿ ಮಾಡಿ, ನಡೆಸಲು ಸಾಧ್ಯವಾಗುವಂಥದ್ದನ್ನು ಮಾಡಿ.

ಸುಪ್ರೀಂ ಕೋರ್ಟ್ ಕೂಡ 2022ರ ಮೇ 2ರಂದು ಲಸಿಕೆಯ ಪ್ರಕರಣದಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ. ಎಲ್ಲರ ಆರೋಗ್ಯಕ್ಕಾಗಿ ಸರ್ಕಾರ ನಿರ್ಬಂಧ ಹೇರಬಹುದು, ಆದರೆ ಅದು ಅಗತ್ಯಕ್ಕೆ ತಕ್ಕಷ್ಟಿರಬೇಕು. ಅಷ್ಟು ಹೊತ್ತಿಗೆ ನಮ್ಮ ರಾಜ್ಯದಲ್ಲಿ ಎರಡು ಡೋಸ್ ಇಲ್ಲದವರಿಗೆ ಮಾಲ್, ಚಿತ್ರಮಂದಿರಗಳ ಬಾಗಿಲು ಮುಚ್ಚುವ ಆದೇಶವೂ ಬಂದು ಹೋಗಿತ್ತು.

ಇಷ್ಟೆಲ್ಲ ಆರೋಗ್ಯದ ಹೆಸರಿನಲ್ಲಿ! ತಲೆಗೆ ಪೆಟ್ಟಾದರೆ, ಹೃದಯಕ್ಕೆ ತೊಂದರೆಯಾದರೆ ಇಂದಿಗೂ ನಾವು ಮಣಿಪಾಲ, ಮಂಗಳೂರು, ಹುಬ್ಬಳ್ಳಿಗೆ ಓಡಬೇಕು. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಕೂಗಿ ಕೂಗಿ ಗಂಟಲು ಒಣಗಿದೆ. ನನ್ನ ಜೀವದ ಬಗ್ಗೆ ಅಷ್ಟು ಕಾಳಜಿ ಇದ್ದವರು ಮೊದಲು ಅದನ್ನು ಕಟ್ಟಬೇಕಿತ್ತು.

ಮುಂದೆ ಇನ್ನೊಂದು ರೋಗ ಬಂದರೆ ಆದೇಶಕ್ಕೆ ಸಹಿ ಹಾಕುವ ಮೊದಲು ಒಂದು ದಿನ ತಡೆಯಿರಿ. ಪ್ರತಿ ಗ್ರಾಮ ಪಂಚಾಯಿತಿಗೂ ಫೋನ್ ಇದೆ. ಯಾವ ಮಜರೆಯಿಂದ ಅಂಗಡಿ ಎಷ್ಟು ದೂರ, ಯಾರ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಯಾರಿಗೆ ನಿತ್ಯದ ಮಾತ್ರೆ ಬೇಕು ಎಂಬುದು ಅಲ್ಲಿಯ ಸದಸ್ಯರಿಗೆ, ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠವಿದೆ. ಅವರನ್ನು ಕೇಳಿ ಬರೆಯಿರಿ.