ಹಾಸಿಗೆ ಪಕ್ಕದ ನಡತೆ: ನಾಲ್ಕಕ್ಕೆ ನಾಲ್ಕು

ಎಂಡಿ, ಎಂಎಸ್ ಓದುವ ಹುಡುಗರು ಏನು ಕಲಿತರೆಂದು ಹೆಜ್ಜೆಹೆಜ್ಜೆಗೂ ಅಳೆಯಬೇಕು, ಮಾಡಿದ ಕೆಲಸವನ್ನೆಲ್ಲ ಬರೆದಿಡುವ ಲಾಗ್‌ಬುಕ್ ಇಡಲೇಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿ ಹೇಳುತ್ತದೆ. ಅದೇ 2023ರಲ್ಲಿ ಈ ಕೋರ್ಸುಗಳ ಪ್ರವೇಶ ಪರೀಕ್ಷೆ ನೀಟ್ ಪಿಜಿಯಲ್ಲಿ (ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ) 800ಕ್ಕೆ ಮೈನಸ್ 40 ಬಂದವರನ್ನೂ ಅರ್ಹರೆಂದು ಸಾರಿದ್ದು ನೀವು ಮರೆತಿರಲಾರಿರಿ. ಒಂದೂ ಉತ್ತರ ಒತ್ತದೆ ಪರೀಕ್ಷೆ ಹಾಲಿನಲ್ಲಿ ಗೊರಕೆ ಹೊಡೆದವನಿಗೂ ಸೊನ್ನೆ ಸಿಗುತ್ತದೆ. ಅವನೇ 40 ಅಂಕ ಮುಂದು. ಬಾಗಿಲಲ್ಲಿ ಇಷ್ಟು ಉದಾರಿಗಳಾದವರು ಒಳಗೆ ಬಂದಮೇಲೆ ಇಷ್ಟು ಕಟ್ಟುನಿಟ್ಟು. ಮೆಚ್ಚಲೇಬೇಕು.

ಅಳೆಯುವುದಕ್ಕೆ ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಮಾದರಿ ಚೆಕ್‌ಲಿಸ್ಟೂ ಇದೆ. ಕಳಪೆಯಾದರೆ 0, ಬಹಳ ಚೆನ್ನಾಗಿದ್ದರೆ 4. ಸಮಯಪಾಲನೆ, ರೋಗಿಯ ಹಾಸಿಗೆ ಪಕ್ಕದ ನಡತೆ, ರೋಗಿಯೊಡನೆ ಒಡನಾಟ. ಆಮೇಲೆ ನನಗೆ ತುಂಬಾ ಇಷ್ಟವಾದ ಸಾಲು: ರಕ್ತದಾನಕ್ಕೋ ಮರಣೋತ್ತರ ಪರೀಕ್ಷೆಗೋ ಸಂಬಂಧಿಕರಿಗೆ ತಿಳಿಹೇಳುವುದು. ಎರಡೂ ಒಂದೇ ಸಾಲಿನಲ್ಲಿ! ಜಗಳೂರಿನಿಂದ ಅಪ್ಪನನ್ನು ಕರೆತಂದವನಿಗೆ ‘ಒಂದು ಬಾಟ್ಲಿ ರಕ್ತ ಕೊಡಪ್ಪ’ ಅನ್ನುವುದೂ, ‘ನಿಮ್ಮಪ್ಪನ್ನ ಕೊಯ್ದು ನೋಡ್ಬೇಕಪ್ಪ’ ಅನ್ನುವುದೂ ಒಂದೇ ವಿದ್ಯೆ. ಮೊದಲನೆಯದಕ್ಕೆ ಕೈಮುಗಿದ, ಎರಡನೆಯದಕ್ಕೆ ಕೊರಳಪಟ್ಟಿ ಹಿಡಿದ ಅಂದರೆ ಸರಾಸರಿ 2 ಹಾಕಿಕೊಳ್ಳಿ.

ನಮ್ಮ ಮಹಡಿ ಮೇಲೆ ಬಾಡಿಗೆಗೆ ಸರ್ಜರಿ ಪಿಜಿ, ಅಂದರೆ ಎಂಎಸ್ ಓದುವ ಹುಡುಗ, ಒಬ್ಬನಿದ್ದಾನೆ. ಯಾವ ಕಾಲೇಜು ಅಂತ ಕೇಳಬೇಡಿ, ಹುಡುಗ ಇನ್ನೂ ಥೀಸಿಸ್ ಒಪ್ಪಿಸಬೇಕು. ಕರೆಂಟು ಹೋದ ಸಂಜೆ ನಮ್ಮ ಇನ್ವರ್ಟರ್ ಬೆಳಕಿಗೆ ಲಾಗ್‌ಬುಕ್ ತಂದು ಕೂತಿದ್ದ. ತಾರೀಖು, ಒಳರೋಗಿಯ ಐಪಿ ನಂಬರು, ಆಪರೇಷನ್ನು. ನೋಡಿದ್ದೋ, ಕೈಜೋಡಿಸಿದ್ದೋ, ತಾನೇ ಮಾಡಿದ್ದೋ. ಕೊನೆಗೆ ಗೈಡ್ ಪ್ರೊಫೆಸರ ಸಹಿ. ಆರು ತಿಂಗಳಿಗೂ ಒಂದೇ ಪೆನ್ನು. ಫೆಬ್ರವರಿಯಲ್ಲಿ ಇಂಕು ತೀರುತ್ತ ಬಂದು, ಮಾರ್ಚ್ ಪೂರ್ತಿ ಮಸುಕಾಗಿ, ಏಪ್ರಿಲ್‌ಗೆ ಹೊಸ ರೀಫಿಲ್ ಬಿದ್ದಿದೆ. ದುಗ್ಗಮ್ಮನ ಜಾತ್ರೆ ದಿನ ಸೆಮಿನಾರ್ ನಡೆದಿದೆ, ನಾಲ್ಕಕ್ಕೆ ನಾಲ್ಕು! ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಸ್ವಾಮಿ. ಅವತ್ತು ದಾವಣಗೆರೆಯಲ್ಲಿ ಮನೆಮನೆಗೂ ನೆಂಟರು, ಬೀದಿಬೀದಿಗೂ ಒಗ್ಗರಣೆ ಘಾಟು. ಕರೆಯದೆ ಬಂದವನನ್ನೂ ಕೈಹಿಡಿದು ಎಲೆ ಮುಂದೆ ಕೂರಿಸುತ್ತಾರೆ. ಆ ಊಟ ಬಿಟ್ಟು ಸೆಮಿನಾರಿಗೆ ಹೋಗುವ ಪ್ರೊಫೆಸರನ್ನು ಈ ಊರು ಇನ್ನೂ ಹೆತ್ತಿಲ್ಲ.

“ಇದನ್ನೆಲ್ಲ ಯಾರು ನೋಡ್ತಾರಪ್ಪ?” ಅಂದೆ.

“ಯಾರೂ ನೋಡಲ್ಲ ಅಂಕಲ್. ಸಹಿ ಐತಾ ಇಲ್ವಾ, ಅಷ್ಟೇ.”

ಇದಕ್ಕೂ ಮದ್ದು ಬಂದಿದೆ. ಲಾಗ್‌ಬುಕ್ ಇನ್ನು ಎಲೆಕ್ಟ್ರಾನಿಕ್ ಆಗಬೇಕಂತೆ, ರೀಫಿಲ್ ಖರ್ಚು ಉಳಿಯಿತು. ಬೋಧಕರು 2025ರಿಂದ ಮೊಬೈಲಿಗೆ ಮುಖ ತೋರಿಸಿ ಹಾಜರಿ ಹಾಕುತ್ತಿದ್ದಾರೆ. ಮೊಬೈಲು ಅವರನ್ನು ಗುರುತು ಹಿಡಿಯುತ್ತದೆ. ವಾರ್ಡಿನ ಪಿಜಿಗಳೂ ಹಿಡಿದರೆ ಕಲಿಕೆಯ ಉದ್ದೇಶ ಅರ್ಧ ಈಡೇರಿದಂತೆ.

ಪಿಜಿಗಳ ಕೆಲಸದ ಅವಧಿ ‘ಸಮಂಜಸ’ವಾಗಿರಬೇಕು ಅನ್ನುತ್ತದೆ ಅದೇ ನಿಯಮಾವಳಿ. ಎಷ್ಟು ಗಂಟೆ? ಬರೆದಿಲ್ಲ. ನಗುಮುಖಕ್ಕೂ ಅಂಕ ಕಟ್ಟಿದವರಿಗೆ ಗಂಟೆ ಎಣಿಸಲು ಬಂದಿಲ್ಲ. ದಿನಕ್ಕೆ 12 ಗಂಟೆ, ವಾರಕ್ಕೆ 48 ಎಂದು ಕೇಂದ್ರದ ಆರೋಗ್ಯ ಸಚಿವಾಲಯ 1992ರಲ್ಲೇ ಹೇಳಿತ್ತು. ನಮ್ಮ ಹುಡುಗ ಆಗಿನ್ನೂ ಹುಟ್ಟಿರಲಿಲ್ಲ. ಅವನು ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹೋದರೆ ಮಂಗಳವಾರ ಸಂಜೆ ಮೆಟ್ಟಿಲ ಕಂಬಿ ಹಿಡಿದುಕೊಂಡು ಹತ್ತುತ್ತಾನೆ. ಅವನ ಹಾಸಿಗೆ ಪಕ್ಕದ ನಡತೆ ಅಳೆಯುತ್ತೀರಾ? ಅವನು ಹಾಸಿಗೆ ಕಂಡು ಎಷ್ಟು ಹೊತ್ತಾಯಿತು ಅಂತ ಕೇಳಿದ್ದೀರಾ? ನಾಚಿಕೆ ಬೇಡವೇನ್ರೀ?

ಎದೆಗೆ ಟ್ಯೂಬ್ ಹಾಕುವುದನ್ನು ಅವನು ಕಲಿತದ್ದು ಕ್ಯಾಶುವಾಲ್ಟಿಯಲ್ಲಿ, ರಾತ್ರಿ ಎರಡು ಗಂಟೆಗೆ. ಹೆದ್ದಾರಿ ಅಪಘಾತದ ಕೇಸು. ಬೆರಳನ್ನು ಪಕ್ಕೆಲುಬಿನ ಮೇಲಂಚಿಗೆ ಒತ್ತಿ ‘ಇಲ್ಲಿ, ಕೆಳಗಡೆ ರಕ್ತನಾಳ ಐತಿ, ಹುಷಾರು’ ಅಂತ ತೋರಿಸಿದವನು ಒಂದೇ ವರ್ಷ ಮುಂದಿನ ಸೀನಿಯರ್, ಅವನಿಗೂ ನಿದ್ದೆಯಿರಲಿಲ್ಲ. ಲಾಗ್‌ಬುಕ್ಕಿನಲ್ಲಿ ಆ ಕೇಸಿನ ಎದುರು ಗೈಡ್ ಸಹಿ ಇದೆ. ಅವರು ಆಗ ಮನೆಯಲ್ಲಿ ಮಲಗಿದ್ದರು.