ಸತ್ಯಾಂಶ: ಬಚ್ಚಲೊಲೆಗೆ ಹಾಕಿದ ಪ್ಲಾಸ್ಟಿಕ್ ಮಾಯವಾಗುವುದಿಲ್ಲ

‘ಹಾಲಿನ ಕವರ್, ಚಿಪ್ಸ್ ಪೊಟ್ಟಣಗಳನ್ನು ಬಚ್ಚಲೊಲೆಗೆ ಹಾಕಿ; ಸೌದೆ ಉಳಿಯುತ್ತದೆ, ಹೊಗೆ ಮಳೆಗೆ ತೊಳೆದುಹೋಗುತ್ತದೆ’ ಎಂಬ ಸಂದೇಶ ಮಲೆನಾಡಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಪಿವಿಸಿಯಂಥ ಪ್ಲಾಸ್ಟಿಕ್ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ನಾಶವಾಗಲು 850 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಒಂದೇ ಸಮನೆ ಬೇಕು. ಮಳೆಗಾಲದ ಹಸಿ ಸೌದೆಯ ಒಲೆಯಲ್ಲಿ ಅದೆಲ್ಲಿ ಬರಬೇಕು? ಉಳಿದ ಪ್ಲಾಸ್ಟಿಕ್ಕೂ ಅರೆಬರೆ ಉರಿದು ಮಸಿ, ವಿಷಾನಿಲ ಕಾರುತ್ತದೆ. ಅದನ್ನು ಮೊದಲು ಉಸಿರಾಡುವವರು ಹಂಡೆಯ ಮುಂದೆ ಕುಳಿತು ಉರಿ ಮಾಡುವವರು. ಮಳೆ ತೊಳೆದದ್ದೂ ಬಾವಿ, ತೋಟಗಳಿಗೇ ಇಳಿಯುತ್ತದೆ. ಆ ಬೂದಿಯನ್ನು ಬಸಳೆಯ ಬುಡಕ್ಕೆ ಹಾಕುವುದಂತೂ ಬೇಡವೇ ಬೇಡ.

ಹಾಲಿನ ಕವರ್ ಪಾಲಿಥೀನ್, ಮರುಬಳಕೆಗೆ ಯೋಗ್ಯ. ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಆ ಪುಟ್ಟ ಚೂರು ಯಾವ ಗುಜರಿಗೂ ಸೇರದೆ ಚರಂಡಿ ಸೇರುತ್ತದೆ. ಕವರನ್ನು ತೊಳೆದು, ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿ, ಒಣಕಸಕ್ಕೆ ಕೊಡಿ. ಪದರಪದರವಾದ ಚಿಪ್ಸ್ ಪೊಟ್ಟಣದ ಮರುಬಳಕೆ ಕಷ್ಟ, ಆದರೂ ಅದರ ಜಾಗವೂ ಒಣಕಸವೇ.

ಶಿವಮೊಗ್ಗದ ಅಪಾರ್ಟ್‌ಮೆಂಟ್‌ಗಳಲ್ಲಿ ಬಚ್ಚಲೊಲೆ ಇಲ್ಲದಿರಬಹುದು; ಹಿತ್ತಲಿನ ಮೂಲೆಯಲ್ಲಿ ಕಸಕ್ಕೆ ಬೆಂಕಿ ಇಡುವುದೂ ಇದೇ ತಪ್ಪು. ಹಸಿ, ಒಣ, ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು.